ಯಾವ ಬಿಳಿ

ಡಾಕ್ಟರಬಾಯಿ ನನ್ನ ತುಟಿ ಹತ್ರ ಬೀಸಣಿಕಿ ಹಂಗ ಬಿಚ್ಚಿದ್ಲು
ಹದಿನಾರು ಹಲ್ಲಿನ ಪಟ್ಟಿ.
ಒಂದಕ್ಕಿಂತ ಒಂದು ಬಿಳಿ, ಬುಡದಾಗ ಸಣ್ಣ ನಂಬರು.
"ಯಾವ ಶೇಡು, ನೀಲಾತಾಯಿ?"

ನಗು ಬಂತು. ಬಂದದ್ದನ್ನ ಅಂಗೈಲೆ ಮುಚ್ಚಿದೆ,
ರೂಢಿ.

ಇಪ್ಪತ್ತೊಂದು ವರ್ಷ ದಾದರಿನ್ಯಾಗ ಸೀರಿ ಮಾರೇನಿ.
ಬಿಳಿ ಅಂದ್ರ ಒಂದ ಬಣ್ಣ ಅಲ್ಲವಾ ಅಂತ
ಮದಿವಿ ಮಂದಿಗೆ ಹೇಳಾಕಿ ನಾನು:
ಹಾಲಬಿಳಿ, ಮೋತಿ, ಕೋರಾ, ಜ್ವಾಳದ ಹಿಟ್ಟಿನ ಬಿಳಿ,
ಆಮ್ಯಾಲ ಆನಿದಂತ, ಅದು ವಯಸ್ಸಾದವರಿಗೆ.
ಇವತ್ತ ಕುರ್ಚಿ ಮ್ಯಾಲ ಅಂಗಾತ ಮಲಗಿ
ಗಿರಾಕಿ ನಾ.

ಮಾಲಕ ಹಸ್ಮುಖಭಾಯಿ
(ಆ ಹೆಸರಿಟ್ಕೊಂಡು ಒಂದ ದಿನ ನಕ್ಕವನಲ್ಲ)
ದೀಪಾವಳಿ ಮುಂದ ಅಂದ: "ಹೊಸ ಶೋರೂಮು, ಕನ್ನಡಿ ಭಾಳ.
ಹಲ್ಲು ಒಂಚೂರು ನೋಡ್ಕೊ.
ಅರ್ಧ ರೊಕ್ಕ ನಂದು, ಅರ್ಧ ಪಗಾರದಾಗ ಮುರಕೊಂತೀನಿ."

ಡಾಕ್ಟರಬಾಯಿ ತೋರಿಸಿದ್ಲು, ನಾ ತೋರಿಸಿದಂಗ,
ತುಟ್ಟೀದು ಮೊದಲ.
ವೆನೀರು: ಎಂಟು ಹಲ್ಲು, ಒಂದೊಂದಕ್ಕ ಹದಿನೆಂಟು ಸಾವಿರ.
ಇದ್ದ ಹಲ್ಲು ಉಗುರಿನಷ್ಟು ಸವಿಸಿ
ಮ್ಯಾಲ ಪಿಂಗಾಣಿ ಚಿಪ್ಪು ಅಂಟಸೂದು.
ಸವಿಸಿದ್ದು?
"ಅದು ಮತ್ತ ಬರೂದಿಲ್ಲ."
ಫಾಲ್ ಹಚ್ಚಿದ ಸೀರಿ ವಾಪಸ್ ಇಲ್ಲ,
ನಮ್ಮಲ್ಲೂ ಬೋರ್ಡು ಐತಿ.

ಬ್ಲೀಚು ಸೋವಿ. ಆದ್ರ ಕಂದು ಗೆರಿ ಪೂರಾ ಹೋಗೂದಿಲ್ಲ,
ಬಿಳಿ ಮಚ್ಚಿ ಇನ್ನೂ ಬಿಳಿ ಆಗತಾವು.
ಬಾಂಡಿಂಗು: ಗ್ವಾಡಿಗೆ ಗಿಲಾವು ಮೆತ್ತಿದಂಗ ಮೆತ್ತಿ
ನೀಲಿ ಬೆಳಕಿನ್ಯಾಗ ಗಟ್ಟಿ ಮಾಡೂದು. ಐದಾರು ವರ್ಷ.
ಚಾ ಕುಡದ್ರ ಹಳದಿ ತಿರಗತೈತಿ.
"ಚಾ ಬಿಡ್ತೀರಾ?"
ಮುಂಬೈದಾಗ ಇದ್ದು?

ಮುಂಡರಗಿ ಕಡೆ ಒಂದು ಬೋರು.
ನಾವು ನಾಕ ಮಂದಿ ಅಕ್ಕತಂಗೇರು, ಪಾಳಿ ಮ್ಯಾಲ ಕೊಡ.
ನೀರು ರುಚೀನ ಇತ್ತು.
ಹಾಲಹಲ್ಲು ಬಿದ್ದು ಹೊಸಾವು ಬಂದಾಗ
ಅದು ತನ್ನ ರುಜು ಹಾಕಿ ಕಳಿಸಿತ್ತು.
ಮನಿ ಫೋಟೋದಾಗ ನಾಕೂ ಬಾಯಿ ಮುಚ್ಚ್ಯಾವು,
ಈಗರ ಬೈಸಿಕೊಂಡವರಂಗ.

ಹೋದ ಶ್ರಾವಣದಾಗ ಸಾಯನ್ ಕಡೆಯಾಕಿ ಒಬ್ಬಾಕಿ ಬಂದಿದ್ಲು,
ಮಗಳ ಕುಬಸಕ್ಕ ಹಸರು ಸೀರಿ.
ಮರಾಠಿದಾಗ ರೇಟು ಕೇಳಿದ್ಲು, ಮರಾಠಿದಾಗ ಹೇಳಿದೆ.
ಚೌಕಾಶಿ ನಡದಿತ್ತು.
ನಡುವ ಆಕಿ ನನ್ನ ಬಾಯಿ ನೋಡಿದ್ಲು,
ನಾ ಆಕೀದು.
"ಯಾವೂರ ನೀರಬೇ ನಿಂದು?"
ಆಮ್ಯಾಲ ಇಬ್ಬರೂ ನಕ್ಕಿದ್ದು
ಕೈ ಅಡ್ಡ ಇಲ್ಲದ, ಕೆಳಗಿನ ಸಾಲೂ ಕಾಣೂವಂಗ,
ಹಸ್ಮುಖಭಾಯಿ ಗಲ್ಲಾದಿಂದ ತಲಿ ಎತ್ತೂವಂಗ.
ನೂರು ರೂಪಾಯಿ ಬಿಟ್ಟೆ, ನನ್ನ ಲೆಕ್ಕದಾಗ.

"ಆ ಪಟ್ಟಿ ಕಿಟಕಿಗೆ ತರ್ರಿ" ಅಂದೆ.
ಟ್ಯೂಬ್‌ಲೈಟಿನ್ಯಾಗ ಎಲ್ಲಾ ಬಿಳಿ ಸುಳ್ಳು ಹೇಳತಾವು,
ಆ ಸುಳ್ಳ ಮ್ಯಾಲ ನನ್ನ ಪಗಾರ ನಡದೈತಿ.
ನಾಕ ಗಂಟೆ ಬಿಸಲಾಗ
ಮೊದಲನೇ ನಂಬರು ಬಚ್ಚಲ ಟೈಲ್ಸ್ ಹಂಗ ಕಂಡ್ತು.
ಏಳನೇದು, ಅದು ಜ್ವಾಳದ ಹಿಟ್ಟು.

"ನೋಡಿ ಬರ್ತೀನಿ" ಅಂದೆ.
ನೋಡಿ ಬರ್ತೀನಿ ಅಂದವರು ಬರೂದಿಲ್ಲ.
ನನಗ ಗೊತ್ತು. ಆಕಿಗೂ ಗೊತ್ತಿತ್ತು,
ಪಟ್ಟಿ ಮಡಚಿದ್ಲು.

ಗುರುವಾರ ಹೋದೆ.
ಮ್ಯಾಲಿನ ನಾಕ, ಬಾಂಡಿಂಗು, ಏಳನೇ ನಂಬರು,
ರೊಕ್ಕ ಪೂರಾ ನಂದು.
"ಕೆಳಗಿನಾವು?"
"ಅವಕ್ಕೂ ಅಂಗಡಿಗೂ ಸಂಬಂಧ ಇಲ್ಲರಿ."

ಬಾಯಾಗ ನೀಲಿ ಬೆಳಕು ಇಟ್ಟಾಗ ಕಣ್ಣ ಮುಚ್ಚಿದೆ,
ಅದರ ಬೀಪು ಎಣಿಸಿದೆ.
ಎರಡ ದಿನ ಚಾ ಬ್ಯಾಡ ಅಂತ ಮೂರು ಸಲ ಹೇಳಿ ಕಳಿಸಿದ್ಲು.

ಡೊಂಬಿವಲಿ ಫಾಸ್ಟ್ ಬರಾಕ ಇನ್ನೂ ಹನ್ನೊಂದು ನಿಮಿಷ ಇತ್ತು.
ಪ್ಲಾಟ್‌ಫಾರ್ಮಿನ ಟಪರ್ಯಾಗ ಚಾ
ಆಗಷ್ಟೇ ಉಕ್ಕಿ ಬಂದಿತ್ತು.