ಮುಳ್ಳಿನ ಗುರುತು

ಜಾವಗಲ್ಲಿನ ದಸ್ತಗೀರ್ ಸಾಬರು
ಎಲ್ಲಿಂದ ಬಂದಿರಿ ಅಂತ ಕೇಳುವುದಿಲ್ಲ.
ಟ್ಯೂಬು ಎಳೆದು ಬೋಗುಣಿಯ ನೀರಿಗೆ ಅದ್ದಿ
ಗುಳ್ಳೆ ಎದ್ದಲ್ಲಿ ಹೆಬ್ಬೆರಳು ಒತ್ತಿ
ಟೈರಿನ ಹೊಟ್ಟೆಯೊಳಗೆ ತಡಕಾಡಿ
ಚಿಮಟದಲ್ಲಿ ಹಿಡಿದೆತ್ತುತ್ತಾರೆ:

"ಜಾಲಿ. ಬಾಣಾವರದ ಕೆರೆ ಏರಿ.
ಮಧ್ಯಾಹ್ನ ಬಂದಿದೀರ, ಎದುರುಗಾಳಿ.
ತಲೆ ಬಗ್ಗಿಸ್ಕೊಂಡು ತುಳಿದಿದೀರ
ನೆಲಾನೇ ನೋಡ್ತಾ.
ಆದ್ರೂ ಕಂಡಿಲ್ಲ."

ಹೌದು.

ಹಳೇಬೀಡಿನ ಕಡೆಯದಾದರೆ ಎತ್ತಿನ ಲಾಳದ ಮೊಳೆಯಂತೆ,
ಗಂಡಸಿ ರಸ್ತೆಯದಾದರೆ
ಸಿಡಿದ ಲಾರಿ ಟೈರಿನ ಕೂದಲೆಳೆ ತಂತಿ.
ಬೆಳವಾಡಿಯಿಂದ ಬರುವವರಿಗೆ ಏನೂ ಚುಚ್ಚಿರುವುದಿಲ್ಲ,
ಗಾಳಿಯ ನೆಪದಲ್ಲಿ ನಿಂತು
ಒಂದು ಬೀಡಿ ಮುಗಿಸಿ ಹೋಗುತ್ತಾರೆ.

ಕಪಾಟಿನಲ್ಲೊಂದು ಉಪ್ಪಿನಕಾಯಿ ಭರಣಿ,
ಮುಕ್ಕಾಲು ತುಂಬಿದೆ
ಮೂವತ್ತೊಂದು ವರ್ಷದ ಮುಳ್ಳು, ಮೊಳೆ, ಗಾಜು.

"ಈ ದಾರಿಯೆಲ್ಲ ಸೈಕಲ್ಲಲ್ಲೇ ಸುತ್ತಿದ್ರಾ?"

ನಕ್ಕರು. ಸೊಲ್ಯೂಷನ್ ಟ್ಯೂಬಿನ ಮುಚ್ಚಳ
ಹಲ್ಲಲ್ಲಿ ಕಚ್ಚಿಕೊಂಡೇ ಹೇಳಿದರು:
"ನಂಗೆ ಬ್ಯಾಲೆನ್ಸೇ ಬರ್ಲಿಲ್ಲ ಸ್ವಾಮಿ.
ಎರಡು ಸಲ ಬಿದ್ದೆ, ಬಿಟ್ಟೆ."

ತೇಪೆ ಒಣಗುವವರೆಗೆ
ಹೊರಗೆ ಕೊಬ್ಬರಿ ಲಾರಿಯೊಂದು ಹಿಂದಕ್ಕೆ ಸರಿಯುತ್ತಿತ್ತು.
ಮೂವತ್ತು ರೂಪಾಯಿ.
ಚಿಲ್ಲರೆ ಕೊಡುತ್ತ ಸಾಬರು
ಇನ್ನೊಂದು ಕೈಯಲ್ಲಿ ಭರಣಿಯ ಮುಚ್ಚಳ ತಿರುಗಿಸಿದರು.
ಸದ್ದೇ ಮಾಡದೆ ಒಳಗೆ ಬಿತ್ತು
ನನ್ನ ಬಾಣಾವರ.