ಎಡಗಡೆಯ ಕೋರೆ

ನೊವಾ ಹುತಾದ ಮೂರನೇ ಮಹಡಿಯಲ್ಲಿ ಝೆನೊನ್
ಹಗಲಿಡೀ ಮೇಣದಲ್ಲಿ ಪರರ ಹಲ್ಲು ತಿದ್ದುತ್ತಾನೆ.
ವಯಸ್ಸು ನಲವತ್ತಾರು. ಕಡಲೆ ಸಿಕ್ಕಾಗ
ಹಲ್ಲಿರುವುದಿಲ್ಲ ಅನ್ನುತ್ತಾರೆ; ಇವನಲ್ಲಿ
ಹಲ್ಲು ಡಬ್ಬಿಗಟ್ಟಲೆ,
ಕಡಲೆಯದ್ದೇ ಪತ್ತೆಯಿಲ್ಲ.

ರಾತ್ರಿ, ಅದೇ ಕುರ್ಚಿ, ಬೇರೆ ಬೆಳಕು:
ಪರದೆಯೊಳಗೊಂದು ಡ್ರ್ಯಾಗನ್.
ಕ್ರಾಕೋವಿನಲ್ಲಿ ಹುಟ್ಟಿದವನು ಇನ್ನೇನು ಮಾಡಿಯಾನು?
ಕೋಟೆಯ ಬುಡದಲ್ಲಿ ಲೋಹದ್ದೊಂದು ನಿಂತು
ಪ್ರವಾಸಿಗಳ ಮುಂದೆ ಬೆಂಕಿ ಉಗುಳುತ್ತದೆ.

ಎರಡು ವರ್ಷ ಎಂಟು ತಿಂಗಳು
ಚೌಕಕ್ಕೆ ಚೌಕ ಕೂಡಿಸಿ ಬಲೆ ನೇಯ್ದ,
ಒಂದೂ ತ್ರಿಕೋನ ನುಸುಳದ ಹಾಗೆ.
ಹುರುಪೆ ಹುರುಪೆಗೂ ಬೇರೆ ಗೀರು. ರೆಕ್ಕೆಯ ನರ.
ಉಗುರಿನ ಸಂದಿಯ ಮಣ್ಣು ಕೂಡ.
ಜೊತೆಗೆ ಅಂತರಿಕ್ಷ ನೌಕೆ, ಕೊಡಲಿ,
ಯಾರೂ ಕೂತಿರದ ತೊಗಲಿನ ಸೋಫಾ,
ಮರದ ಪೀಪಾಯಿ. ಎಲ್ಲರ ಪೋರ್ಟ್‌ಫೋಲಿಯೊದಲ್ಲೂ
ಒಂದು ಪೀಪಾಯಿ ಇರಲೇಬೇಕಂತೆ, ಯಾಕೋ.

ಶುಕ್ರವಾರ ವಾರ್ಸಾದ ಸ್ಟುಡಿಯೊದಿಂದ ಕಲಿನಾ
ಕರೆ ಮಾಡಿದಳು. ಹತ್ತೇ ನಿಮಿಷ ಅಂದಳು.
ಪೀಪಾಯಿ ತಿರುಗಿತು. ನೌಕೆ ತಿರುಗಿತು.
ಅವಳು ಏನೋ ತಿನ್ನುತ್ತಿದ್ದಳು, ಸೇಬಿರಬೇಕು.
ಡ್ರ್ಯಾಗನ್ ಅರ್ಧ ಸುತ್ತು ಬಂದಿತ್ತು,
ಅಗಿಯುವ ಸದ್ದು ನಿಂತಿತು.

"ಬಾಯಿಯ ಹತ್ತಿರ ಹೋಗಿ. ಇನ್ನೂ ಹತ್ತಿರ.
ಈ ಎಡಗಡೆಯ ಕೋರೆ ಮಾತ್ರ ಯಾಕೆ ಸವೆದಿದೆ?"

"ಅದು ಎಡಗಡೆಯಲ್ಲೇ ಅಗಿಯುತ್ತದೆ" ಅಂದ ಝೆನೊನ್.
"ಬಲಗಡೆ ದವಡೆಯಲ್ಲಿ ನೋವಿದೆ. ಹಳೆಯದು."
ಹೇಳಿದ ಮೇಲೆ ಅವನಿಗೂ ಅದು ಗೊತ್ತಾಯಿತು.

ಅವಳು ನಗಲಿಲ್ಲ.
"ಹಲ್ಲು ಇಟ್ಟುಕೊಳ್ಳಿ, ಉಳಿದದ್ದು ತೆಗೆದುಬಿಡಿ.
ಉಳಿದದ್ದನ್ನೆಲ್ಲ ನಾನು ಇವತ್ತೇ
ಆರು ಸಲ ನೋಡಿದ್ದೇನೆ."

ತೆಗೆದ.
ಕಿತ್ತ ಹಲ್ಲಿನ ಗುಳಿಗೆ ನಾಲಿಗೆ ಹೋದಂತೆ
ಮೌಸು ಮತ್ತೆ ಮತ್ತೆ
ರೆಕ್ಕೆಗಳಿದ್ದ ಫೋಲ್ಡರಿಗೆ ಹೋಗಿ ಬರುತ್ತದೆ.

ಮೇಜಿನ ಮೇಲೆ, ರಿಪೇರಿಗೆ ಬಂದ
ವಾಂಡಾ ಅಜ್ಜಿಯ ಕೆಳದವಡೆಯ ಸೆಟ್ಟು:
ಚಹಾದ ಕರೆ, ಒಸಡಿನ ಮೇಲೆ ಕಿತ್ತಳೆ ಸಿಪ್ಪೆಯಂಥ ಚುಕ್ಕಿ,
ಎರಡು ಸಲ ಬಿದ್ದು ಎರಡು ಸಲ ಅಂಟಿಸಿದ ಬಿರುಕು.
ಇದನ್ನು ಕಡೆಯಲು ಹನ್ನೊಂದು ರಾತ್ರಿ ಸಾಕಾಯಿತು.

ಈಗ ಅದು ತಿರುಗುತ್ತಿದೆ,
ಬೂದು ಬಣ್ಣ, ಒಂದೇ ದೀಪ, ಹದಿನೈದು ಸೆಕೆಂಡು,
ಗಾಜಿನ ಲೋಟದೊಳಗೆ.

ಲೋಟದಲ್ಲಿ ನೀರಿಲ್ಲ.
ನೀರು ಬೇರೆ ವಿಭಾಗದವರ ಕೆಲಸ.