ಆರು ಗಂಟೆಯೊಳಗೆ

ಆಧಾರ್ ಕಾರ್ಡು ಅಡವಿಟ್ಟು
ಧರಣೇಂದ್ರಯ್ಯನವರ ಸ್ಟುಡಿಯೋದಿಂದ ತಂದ ಲೆನ್ಸು.
ದಿನಕ್ಕೆ ಸಾವಿರದ ಇನ್ನೂರು. ಕ್ಯಾಮೆರಾ ಬೇರೆ.
ಟವೆಲ್ಲು ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡರೆ
ಹಾಸನ–ಬೂವನಹಳ್ಳಿ ಬಸ್ಸಿನ ಕಂಡಕ್ಟರು
‘ಮಗೂಗೆ ಎಷ್ಟು ವರ್ಷ?’ ಅಂದ.

ವಿಮಾನ ಇಳಿಯದ ಊರು ನಮ್ಮದು;
ಅಷ್ಟೆತ್ತರದಲ್ಲಿ ಹಾದುಹೋಗುವುದಷ್ಟೇ.
ಕೆರೆ ಏರಿಯಲ್ಲಿ ಅಂಗಾತ ಮಲಗಿ ಕಾದೆ.
ನಾಲ್ಕೂ ಹತ್ತಕ್ಕೆ ಬಂತು,
ಸದ್ದು ಒಂದು ಕಡೆ, ಅದು ಇನ್ನೊಂದು ಕಡೆ.
ಮೂರು ಸಲ ಒತ್ತಿದೆ,
ಉಸಿರು ಬಿಡುವುದು ಮರೆತೆ.

ಆರಕ್ಕೆ ಐದು ನಿಮಿಷ.
ಧರಣೇಂದ್ರಯ್ಯ ಕನ್ನಡಕ ಹಣೆಗೇರಿಸಿ
ಪರದೆಗೆ ಮೂಗು ತಾಗಿಸಿ ನೋಡಿದರು:
‘ಇದು ಧೂಳಾ, ವಿಮಾನವಾ?’
ಉಫ್ ಅಂತ ಊದಿದರು.
ಅಂಗಿಯ ತುದಿಯಿಂದ ಒರೆಸಿದರು.
ಚುಕ್ಕಿ ಅಲ್ಲೇ ಇತ್ತು,
ರೆಕ್ಕೆ ಸಮೇತ.